ಗಂಟು ಬಿಗಿದ ಚೀಲ

ಇವತ್ತು ಬೆಳಿಗ್ಗೆ ಕಸದ ಗಾಡಿ ಬರುವ ಮೊದಲೇ ರಸ್ತೆ ಬದಿಗೆ ಒಂದು ಪ್ಲಾಸ್ಟಿಕ್ ಚೀಲ. ಒಳಗೆ ಬಂಗಡೆ ತಲೆ, ನಿನ್ನೆಯ ಅನ್ನ. ಬಾಯಿಗೆ ಬಿಗಿ ಗಂಟು, ತಳದಿಂದ ನೀರು ಸೋರುತ್ತಿತ್ತು.

ಆ ಗಂಟೇ ತೊಂದರೆ. ಕಸದ ರಾಶಿಯ ಅಡಿ ಗಾಳಿ ಸಿಗದ ಅನ್ನ ಕೊಳೆತು ಮೀಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುವ ಅನಿಲ ಅದು. ಕಾರವಾರದ ಮಳೆ ಬಿದ್ದರಂತೂ ಆ ಕೊಳಕು ರಸ ಹಳ್ಳಕ್ಕೇ ಇಳಿಯುತ್ತದೆ.

ಮೀನಿನ ತಲೆ ಮಣ್ಣಿಗೇ ಹೋಗಲಿ. ತೆಂಗಿನ ಬುಡದಿಂದ ನಾಲ್ಕು ಅಡಿ ದೂರ, ಒಂದೂವರೆ ಅಡಿ ಆಳದ ಗುಂಡಿ, ಮಣ್ಣು ತುಳಿದು ಮೇಲೊಂದು ಚಿರೆಕಲ್ಲು. ಕಲ್ಲಿಡದಿದ್ದರೆ ರಾತ್ರಿಯೇ ನಾಯಿ ಕೆದರುತ್ತದೆ.

ಅನ್ನ, ತರಕಾರಿ ಸಿಪ್ಪೆ ಗೊಬ್ಬರವಾಗಲು ತೂತು ಕೊರೆದ 20 ಲೀಟರ್ ಬಕೆಟ್ ಸಾಕು. ಸಾರು ಬಸಿದೇ ಹಾಕಿ. ಒಂದು ಪಾಲು ಹಸಿಗೆ ಎರಡು ಪಾಲು ದರಕು (ಒಣಗಿದ ಎಲೆ), ಒಂದು ಹಿಡಿ ಹಳೇ ಗೊಬ್ಬರ. ಮುಷ್ಟಿಯಲ್ಲಿ ಹಿಂಡಿದಾಗ ನೀರು ಧಾರೆಯಾಗಿ ಇಳಿದರೆ, ಹುಳಿ ವಾಸನೆ ಹೊಡೆದರೆ, ದರಕು ಸಾಲಲಿಲ್ಲ ಅಂತಲೇ ಅರ್ಥ. ಇನ್ನಷ್ಟು ಹಾಕಿ ತಿರುವಿ.

ದರಕು ಮಾತ್ರ ಮಾರ್ಚಿನಲ್ಲೇ ಗೋಣಿಚೀಲಕ್ಕೆ ತುಂಬಿಡಿ. ಜುಲೈನಲ್ಲಿ ನಮ್ಮೂರಲ್ಲಿ ಒಣಗಿದ ಎಲೆ ಎಲ್ಲಿ ಸಿಗುತ್ತದೆ ಹೇಳಿ!