ಮುಕ್ಕಾಲು ತಾಸಿನ ಎಣ್ಣೆ

ಧಾರವಾಡ, ಡಿಸೆಂಬರ್ 5, 2024, ಗುರುವಾರ

ಬೆಳಗ್ಗೆ ಮಾಳಮಡ್ಡಿಗೆ ಹೋಗಿದ್ದೆ, ಕಾಕಾನ ಮನೆಗೆ. ಪೆನ್ಶನ್ ನಿಲ್ಲದಿರಲು ಅವರು ಬದುಕಿದ್ದಾರೆ ಅಂತ ಸರಕಾರಕ್ಕೆ ತೋರಿಸಬೇಕಿತ್ತು. ನವೆಂಬರ್‌ನಲ್ಲೇ ಆಗಬೇಕಾದ ಕೆಲಸ. ಎರಡು ಕಡೆ ಹೋಗಿ ಬಂದರೂ ಬೆರಳಚ್ಚು ಕೂಡಿರಲಿಲ್ಲ. ವಯಸ್ಸು 74, ಅದರಲ್ಲೂ ವರ್ಷಗಟ್ಟಲೆ ಪಾನಾ ತಿರುವಿದ ಬೆರಳು. ಗೆರೆ ಉಳಿದಿದ್ದರೆ ತಾನೇ? ಅದಕ್ಕೇ ನನ್ನ ಫೋನಿನಲ್ಲಿ ಮುಖ ತೋರಿಸುವ ಉಪಾಯ ಮಾಡಿದೆವು. ಕಣ್ಣು ಮಿಟುಕಿಸಿ ಅಂದಿತು ಫೋನು. ಕಾಕಾ ಮಿಟುಕಿಸಿದರು. ಒಪ್ಪಲಿಲ್ಲ.

"ಇನ್ನ ಹ್ಯಾಂಗ ಬದುಕಬೇಕವಾ ಇದಕ್ಕ?" ಅಂದರು.

ನೆಟ್‌ವರ್ಕ್ ಬರಲಿ ಅಂತ ಕೂತೆವು. ಕಾಕು ಚಹಾ ಕೊಟ್ಟರು. ಗೋಡೆಯ ಕ್ಯಾಲೆಂಡರ್ ನೋಡಿ ಕಾಕಾ, "ಇವತ್ತ ಐದಲ್ಲೇನು?" ಅಂದರು. ಆಮೇಲೆ ಅರ್ಧ ತಾಸು ಅವರೇ ಮಾತಾಡಿದರು. ಇಷ್ಟು ವರ್ಷದಲ್ಲಿ ನಾನು ಕೇಳಿದ್ದು ಮಿಲಿಟರಿ ಕ್ಯಾಂಟೀನಿನ ಸುದ್ದಿಯೇ ಜಾಸ್ತಿ. ಇದನ್ನು ಹೇಳಿರಲೇ ಇಲ್ಲ.

1971ರ ಪಾಕಿಸ್ತಾನ ಯುದ್ಧದಲ್ಲಿ ಅವರಿಗೆ 21. ಪಂಜಾಬಿನ ಒಂದು ವಾಯುಸೇನಾ ನೆಲೆಯಲ್ಲಿ ಸುಖೋಯ್-7 ಯುದ್ಧವಿಮಾನಗಳ ಎಂಜಿನ್ ಫಿಟ್ಟರ್. ಪೈಲಟ್ ಏರುವ ಮುಂಚೆ ಎಫ್-700 ಅನ್ನುವ ಪುಸ್ತಕ ಬರುತ್ತದಂತೆ. ವಿಮಾನ ಸರಿ ಇದೆ ಅಂತ ಇವರ ಸಹಿ, ಒಪ್ಪಿಕೊಂಡೆ ಅಂತ ಪೈಲಟ್ ಸಹಿ. ವಾಪಸ್ ಬಂದ ಮೇಲೆ ಏನು ಕೆಟ್ಟಿದೆ ಅಂತ ಪೈಲಟ್ ಬರೆಯಬೇಕು. ಅದಕ್ಕೆ 'ಸ್ನ್ಯಾಗ್' ಅನ್ನುತ್ತಾರೆ. ಏನೂ ಕೆಟ್ಟಿರದಿದ್ದರೂ ಹಾಗಂತ ಬರೆಯಬೇಕು.

"ನಾಕು ಹೋದವು. ಮೂರು ಬಂದವು. ನನ್ನ ವಿಮಾನ ಬರಲಿಲ್ಲ. ಗಾಲಿಗೆ ಇಡೋ ಕಟ್ಟಿಗಿ ಹಿಡಕೊಂಡು ನಿಂತಿದ್ದೆ. ಎಷ್ಟು ಎಣ್ಣಿ ತುಂಬೇವಿ ನಮಗ ಗೊತ್ತಲ್ಲಾ? ಕೆಳಗ ಹಾರಿದ್ರ ಮುಕ್ಕಾಲು ತಾಸು ಅಂದ್ರ ಭಾಳ ಆತು. ಒಂದು ತಾಸಾತು. ಸಾರ್ಜೆಂಟ್ ಬಂದು, ನಡೀರಿ, ಮುಂದಿನ ವಿಮಾನ ತಯಾರ ಮಾಡ್ರಿ ಅಂದ್ರು. ಹ್ವಾದೆ."

ಪುಸ್ತಕದಲ್ಲಿ ಪೈಲಟ್ ಬರೆಯಬೇಕಾದ ಆ ಸಾಲು ಖಾಲಿಯೇ ಉಳಿಯಿತು.

ನಾನು ಏನು ಹೇಳಬೇಕು ತಿಳಿಯದೆ ಫೋನು ನೋಡುತ್ತಿದ್ದೆ. ಕಾಕಾ ಮುಂದುವರಿಸಿದರು. ಆ ಪೈಲಟ್ ಸತ್ತಿರಲೇ ಇಲ್ಲ! ಪ್ಯಾರಾಚೂಟಿನಲ್ಲಿ ಇಳಿದು ಸೆರೆ ಸಿಕ್ಕಿದ್ದರು. ಮುಂದಿನ ವರ್ಷ ಡಿಸೆಂಬರ್ 1ಕ್ಕೆ ಕೈದಿಗಳನ್ನು ವಾಘಾದಲ್ಲಿ ಬಿಟ್ಟರಲ್ಲ, ಅವರ ಜೊತೆ ನಡೆದುಕೊಂಡೇ ಗಡಿ ದಾಟಿ ಬಂದರು. "ನಾವು ಒಂದು ತಾಸಿಗೇ ಅವನ್ನ ಸಾಯಿಸಿಬಿಟ್ಟಿದ್ವಿ ನೋಡು" ಅಂದರು ಕಾಕಾ. 53 ವರ್ಷದ ನಂತರವೂ ಅವರ ಮುಖದಲ್ಲಿ ನಾಚಿಕೆ ಇತ್ತು.

ಅವರಿಗೆ ಐದನೇ ತಾರೀಖು ನೆನಪಾಗಿದ್ದು ಮಾತ್ರ ಬೇರೆಯವರಿಂದ. ಫ್ಲೈಟ್ ಲೆಫ್ಟಿನೆಂಟ್ ವಿಜಯ್ ತಾಂಬೆ. ಅವರದೂ ಸುಖೋಯ್-7. 1971ರ ಇದೇ ದಿನ ಪಾಕಿಸ್ತಾನದ ಶೋರ್‌ಕೋಟ್ ಮೇಲೆ ದಾಳಿಗೆ ಹೋದಾಗ ವಿಮಾನ ಬಿತ್ತು. ಮದುವೆಯಾಗಿ ಒಂದೂವರೆ ವರ್ಷ. ಹೆಂಡತಿ ದಮಯಂತಿ ತಾಂಬೆ ರಾಷ್ಟ್ರೀಯ ಬ್ಯಾಡ್ಮಿಂಟನ್ ಚಾಂಪಿಯನ್. ಸೆರೆಸಿಕ್ಕ ಭಾರತೀಯ ಪೈಲಟ್‌ಗಳ ಬಗ್ಗೆ ಆಗ ಅಲ್ಲಿನ ಪತ್ರಿಕೆಯೊಂದರಲ್ಲಿ ಬಂದ ಸುದ್ದಿಯಲ್ಲಿ 'ಟೋಂಬೆ' ಅನ್ನುವ ಹೆಸರಿತ್ತು. ಒಂದು ಅಕ್ಷರ ಆಚೆ ಈಚೆ. ನಮ್ಮ ರೇಷನ್ ಕಾರ್ಡಿನಲ್ಲಿ ಅಜ್ಜಿಯ ಹೆಸರು ಇಂದಿಗೂ ತಪ್ಪೇ ಇದೆ, ಹಾಗಂತ ಅಜ್ಜಿ ಬೇರೆಯವರಾದರೇ? ಆ ಒಂದು ಅಕ್ಷರ ಹಿಡಿದು ದಮಯಂತಿ ಹುಡುಕಿದರು. ಮತ್ತೆ ಮದುವೆ ಆಗಲಿಲ್ಲ.

ಹೀಗೆ ತಿರುಗಿ ಬಾರದವರು ಸರಕಾರದ ಲೆಕ್ಕದಲ್ಲಿ 83 ಜನ. ಅದರಲ್ಲಿ 54 ಜನ 1965 ಮತ್ತು 71ರ ಯುದ್ಧಗಳವರು. ಅಲ್ಲಿ ಸೆರೆಯಲ್ಲಿರಬಹುದು ಅಂತ 1983ರಲ್ಲಿ ಕೆಲವು ಮನೆಯವರು ಪಾಕಿಸ್ತಾನದ ಮುಲ್ತಾನ್ ಜೈಲಿಗೆ ಹೋಗಿ ಬಂದರು. 2007ರಲ್ಲಿ 14 ಜನ ಹೋಗಿ ಹತ್ತು ಜೈಲು ನೋಡಿದರು. ಯಾರೂ ಸಿಗಲಿಲ್ಲ. ನಮ್ಮಲ್ಲಿ ಯಾರೂ ಇಲ್ಲ ಅನ್ನುತ್ತದೆ ಪಾಕಿಸ್ತಾನ. ಕಾನೂನಿನಲ್ಲಿ ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತಂತೆ ಹಿಡಿಯಬಹುದು. ಕಾಗದಕ್ಕೆ ಅಷ್ಟು ಸಾಕು. ಕುಂಕುಮ ಇಟ್ಟುಕೊಳ್ಳಬೇಕೋ ಬೇಡವೋ ಅಂತ ಯಾವ ಕಾಗದ ಹೇಳುತ್ತದೆ?

ಕಾಕು ಇಲ್ಲಿ ಬಾಯಿ ಹಾಕಿದರು. "ನಮ್ಮ ಬೆಟದೂರಿನ ಹುಡುಗ ಮನಿಗೆ ಬಂದ." ಕುಂದಗೋಳ ತಾಲೂಕಿನ ಸೈನಿಕ ಹನುಮಂತಪ್ಪ ಕೊಪ್ಪದ. 2016ರಲ್ಲಿ ಸಿಯಾಚಿನ್ ಹಿಮದ ಅಡಿ ಆರು ದಿನ ಬದುಕಿದ್ದವರು. ಮೂರು ದಿನಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಆದರೂ ಮಣ್ಣು ಕೊಡಲಿಕ್ಕೆ ಒಂದು ದೇಹ ಬಂತು ಅನ್ನುವುದು ಕಾಕುವಿನ ಮಾತು. ಅದು ಸಮಾಧಾನವೋ ಅಲ್ಲವೋ ನನಗೆ ಹೇಳಲಾಗದು. 1968ರಲ್ಲಿ ಲೇಹ್ ಕಡೆ ಹೊರಟು 102 ಜನರೊಂದಿಗೆ ಕಾಣೆಯಾದ ವಾಯುಸೇನೆಯ ಎಎನ್-12 ವಿಮಾನದ ನಾಲ್ವರ ದೇಹಗಳು ಇದೇ ಸೆಪ್ಟೆಂಬರ್‌ನಲ್ಲಿ ಹಿಮಾಚಲದಲ್ಲಿ ಸಿಕ್ಕವು. 56 ವರ್ಷಕ್ಕೆ! ಅದು ಯುದ್ಧದ್ದಲ್ಲ ನಿಜ. ಆದರೆ ಟಿವಿಯಲ್ಲಿ ಅದನ್ನು ನೋಡಿದ ದಿನ ಕಾಕಾ ಊಟ ಮಾಡಲಿಲ್ಲವಂತೆ.

ಹನ್ನೊಂದಕ್ಕೆ ನೆಟ್‌ವರ್ಕ್ ಬಂತು. ತುಳಸಿಕಟ್ಟೆ ಹತ್ತಿರ ಬಿಸಿಲಿಗೆ ಕುರ್ಚಿ ಹಾಕಿ ಕೂರಿಸಿದೆ. ಕನ್ನಡಕ ತೆಗೆಸಿದೆ. ಮೂರನೇ ಸಲಕ್ಕೆ ಫೋನು ಒಪ್ಪಿತು.

"ಬದುಕೇನಿ ಅಂತೇನು?"

"ಹೌದು ಕಾಕಾ. ಮುಂದಿನ ನವೆಂಬರ್‌ವರೆಗೆ."