ರಿಪೋರ್ಟ್ ನೋಡಿ ದಿನ ಹೇಳಿ ಅನ್ನುವವರಿಗೆ

"ನೀವು ಪೆಥಾಲಜಿಯವರಲ್ವಾ, ಇದನ್ನ ನೋಡಿ ಇನ್ನು ಎಷ್ಟು ದಿನ ಅಂತ ಹೇಳಿ." ಮಂಗಳೂರಿನಲ್ಲಿ ನಾನು ಎಲ್ಲಿ ಹೋದರೂ ಈ ಪ್ರಶ್ನೆ ಬರುತ್ತದೆ. ಮನೆಯಲ್ಲಿ ಯಾರಿಗೋ ಪಿತ್ತಕೋಶದ ಕ್ಯಾನ್ಸರ್ ಇರುತ್ತದೆ, ಮೊಬೈಲಿನಲ್ಲಿ ರಿಪೋರ್ಟಿನ ಫೋಟೋ ಇರುತ್ತದೆ. ರಕ್ತದಲ್ಲಿ ನೋಡುವ ಕ್ಯಾನ್ಸರ್ ಗುರುತುಗಳಾದ ಸಿಎ 19-9 ಇಷ್ಟು, ಸಿಇಎ ಇಷ್ಟು, ಗೆಡ್ಡೆಯ ತುಣುಕಿನಲ್ಲಿ ನೋಡುವ ಕೆಐ-67 ಇಷ್ಟು ಶೇಕಡ. ಉತ್ತರ ಇಲ್ಲೇ ಬರೆದಿಡುತ್ತೇನೆ. ಅಷ್ಟರಿಂದ ದಿನ ಹೇಳಲು ಆಗುವುದಿಲ್ಲ. ಗೊತ್ತಿದ್ದೂ ಮುಚ್ಚಿಡುತ್ತಿದ್ದೇನೆ ಅಂತ ಕೆಲವರು ತಿಳಿಯುತ್ತಾರೆ, ಅದಕ್ಕೆ ಬೇಜಾರಾಗುತ್ತದೆ. "ಸುಮ್ನೆ ಒಂದು ಅಂದಾಜು ಹೇಳಿ" ಅಂದರೆ ಸಿಟ್ಟೇ ಬರುತ್ತದೆ. ಇನ್ನೊಬ್ಬರ ಆಯಸ್ಸಿನ ಬಗ್ಗೆ ಸುಮ್ನೆ ಅಂದಾಜು ಹೇಳುವುದು ಹೇಗೆ?

ಉಡುಪಿಯ ಒಂದು ಮದುವೆಯಲ್ಲಿ, ಎಲೆ ಮುಂದೆ ಕೂತಿದ್ದಾಗಲೇ, ಪಕ್ಕದವರು ಫೋನ್ ಚಾಚಿದರು. ಅವರ ಅತ್ತೆಯ ರಿಪೋರ್ಟ್. ಸಾಮಾನ್ಯವಾಗಿ 37ರ ಒಳಗೆ ಇರಬೇಕಾದ ಸಿಎ 19-9 ಸಾವಿರ ದಾಟಿತ್ತು. "ಏತ್ ದಿನ?" ಅಂತ ಮೆಲ್ಲಗೆ ತುಳುವಿನಲ್ಲಿ ಕೇಳಿದರು. ಆ ಅತ್ತೆ ಎದುರಿನ ಸಾಲಿನಲ್ಲೇ ಕೂತು ಪಾಯಸ ಹಾಕಿಸಿಕೊಳ್ಳುತ್ತಿದ್ದರು. ಕಣ್ಣು ಹಳದಿಯಾಗಿತ್ತು. ನನಗೆ ಅನ್ನ ಸೇರಲಿಲ್ಲ.

ಆ ಹಳದಿಯಲ್ಲೇ ಅರ್ಧ ಉತ್ತರ ಇತ್ತು. ಪಿತ್ತನಾಳ ಕಟ್ಟಿದರೆ, ಅದು ಬರೀ ಕಲ್ಲಿನಿಂದ ಕಟ್ಟಿದರೂ, ಸಿಎ 19-9 ಏರುತ್ತದೆ. ನಾಳ ತೆರೆಯಲು ಸ್ಟೆಂಟ್ ಅನ್ನುವ ಕೊಳವೆ ಹಾಕಿ ಕಾಮಾಲೆ ಇಳಿದ ಮೇಲೆ ಇನ್ನೊಮ್ಮೆ ನೋಡಿದರೆ ಮಾತ್ರ ಅದಕ್ಕೆ ಸ್ವಲ್ಪ ಬೆಲೆ. ಇನ್ನು ನೂರರಲ್ಲಿ 5ರಿಂದ 10 ಜನರ ದೇಹಕ್ಕೆ ಇದನ್ನು ತಯಾರಿಸಲಿಕ್ಕೇ ಬರುವುದಿಲ್ಲ. ಅವರಿಗೆ ರೋಗ ಎಷ್ಟು ಹರಡಿದರೂ ರಿಪೋರ್ಟ್ ನಾರ್ಮಲ್ ಅಂತಲೇ ಬರಬಹುದು.

ಗೆಡ್ಡೆಯ ತುಣುಕಿನಲ್ಲೇ ನೋಡುವ ಪ್ರೋಟೀನುಗಳೂ ಇವೆ. ಕೆಐ-67 ಅಂದರೆ ಕೋಶಗಳು ಎಷ್ಟು ಚುರುಕಾಗಿ ಒಡೆದು ಹೆಚ್ಚುತ್ತಿವೆ ಅನ್ನುವ ಗುರುತು. ಪಿ53 ಇನ್ನೊಂದು. ಇವುಗಳ ಮೇಲೆ ಬಂದ ಲೇಖನಗಳಿಗೆ ಲೆಕ್ಕವಿಲ್ಲ. ಆದರೆ ಹೆಚ್ಚಿನವು ಸಣ್ಣ ಗುಂಪಿನವು, ಪ್ರೋಟೀನ್ ಗುರುತಿಸಲು ಒಂದೊಂದು ಲ್ಯಾಬ್ ಬಳಸುವ ಆಂಟಿಬಾಡಿ ಬೇರೆ, ಎಷ್ಟು ಶೇಕಡ ಆದರೆ ಜಾಸ್ತಿ ಅನ್ನುವ ಗೆರೆಯೂ ಬೇರೆ. ಗುಂಪಿಗೆ ಅನ್ವಯಿಸುವುದನ್ನು ಒಬ್ಬ ಅತ್ತೆಯ ಮೇಲೆ ಹೇರಬಾರದು. ರೋಗ ಪಿತ್ತಕೋಶದ ಗೋಡೆಯಲ್ಲಿ ಎಷ್ಟು ಆಳ ಇಳಿದಿದೆ, ಲಿಂಫ್ ಗಂಟಿಗೆ ಹೋಗಿದೆಯಾ, ಆಪರೇಷನ್ನಿನಲ್ಲಿ ಪೂರ್ತಿ ತೆಗೆಯಲು ಆಯಿತಾ ಅನ್ನುವುದು ಇವತ್ತಿಗೂ ಆ ಪ್ರೋಟೀನುಗಳಿಗಿಂತ ಜಾಸ್ತಿ ಹೇಳುತ್ತದೆ.

ಒಂದು ಪ್ರೋಟೀನನ್ನು ಮಾತ್ರ ನೀವಾಗಿಯೇ ಕೇಳಬೇಕು, ಹರ್-2. ಅದನ್ನು ನೋಡುವುದು ಔಷಧಿ ಆರಿಸಲಿಕ್ಕೆ. ಪಿತ್ತಕೋಶದ ಕ್ಯಾನ್ಸರ್ ಇರುವವರಲ್ಲಿ ಒಂದು ಸಣ್ಣ ಪಾಲಿಗೆ ಇದು ಗಟ್ಟಿಯಾಗಿ ಬರುತ್ತದೆ, ನಾವು 3+ ಅಂತ ಬರೆಯುತ್ತೇವೆ. ಅಂಥವರಲ್ಲಿ ಮೊದಲ ಚಿಕಿತ್ಸೆ ಕೈಕೊಟ್ಟರೆ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್, ಜಾನಿಡಾಟಮ್ಯಾಬ್ ಅನ್ನುವ ಔಷಧಿಗಳಿವೆ. 2024ರಲ್ಲಿ ಅಮೆರಿಕ ಎರಡಕ್ಕೂ ಒಪ್ಪಿಗೆ ಕೊಟ್ಟಿತು. ಬೆಲೆ ಭಾರೀ ಜಾಸ್ತಿ, ನಿಜ. ಆದರೂ ದಾರಿ ಇದೆಯಾ ಅಂತ ತಿಳಿಯುವುದು ರೋಗಿಯ ಹಕ್ಕು. ಎಷ್ಟು ದಿನ ಅಂತ ಕೇಳಿದ ಎಷ್ಟೋ ಮನೆಯವರು ಹರ್-2 ಮಾಡಿಸಿದ್ದಾರಾ ಅಂತ ಕೇಳಿಯೇ ಇರುವುದಿಲ್ಲ.

ಇನ್ನೂ ಮೊದಲೇ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅದನ್ನು ಯಾರಾದರೂ ಕೇಳಲಿ ಅಂತ ನನಗೆ ಆಸೆ. ಪಿತ್ತಕೋಶದ ಕಲ್ಲಿನ ಆಪರೇಷನ್ ಆದ ಮನೆಗೆ ಹೋದರೆ ಪುಟ್ಟ ಬಾಟಲಿಯಲ್ಲಿ ಕಲ್ಲು ತೋರಿಸುತ್ತಾರೆ. ಕಲ್ಲು ಕಪಾಟಿನಲ್ಲಿದೆ ಸರಿ, ಪಿತ್ತಕೋಶ ಎಲ್ಲಿ ಹೋಯಿತು? ಪರೀಕ್ಷೆಗೆ ಕಳಿಸಿದ್ರಾ? ರಿಪೋರ್ಟ್ ಯಾರಾದರೂ ಓದಿದ್ರಾ? ಗಂಗೆಯ ಬಯಲಿನಲ್ಲಿ ಇರುವಷ್ಟು ಈ ರೋಗ ನಮ್ಮ ಕಡೆ ಇಲ್ಲ, ಆ ಧೈರ್ಯದಲ್ಲೇ ನಾವು ಕೇಳುವುದಿಲ್ಲ. ಕಲ್ಲು ಅಂತ ತೆಗೆದ ಪಿತ್ತಕೋಶದಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಸಿಗುತ್ತದೆ. ಒಳಪದರದಲ್ಲೇ ನಿಂತಿದ್ದರೆ ಆ ಒಂದೇ ಆಪರೇಷನ್ ಸಾಮಾನ್ಯವಾಗಿ ಸಾಕು. ಸ್ನಾಯು ಪದರಕ್ಕೆ ಇಳಿದಿದ್ದರೆ ಪಕ್ಕದ ಲಿವರಿನ ಭಾಗ, ಲಿಂಫ್ ಗಂಟು ಎಲ್ಲ ತೆಗೆಯಲು ಮತ್ತೊಂದು ಆಪರೇಷನ್ ಬೇಕಾಗಬಹುದು. ಇದು ಗೊತ್ತಾಗುವುದು ಆ ಚೀಲವನ್ನು ನಮ್ಮಂಥವರು ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಮಾತ್ರ. ಈ ಪ್ರಶ್ನೆಗಾದರೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, ಎತ್ತುತ್ತೇನೆ.

ಬೇರೆ ಆಸ್ಪತ್ರೆಗೆ ತೋರಿಸಲು ಹೋಗುವಾಗ ರಿಪೋರ್ಟಿನ ಫೋಟೋ ಸಾಲದು. ಲ್ಯಾಬಿನಿಂದ ಗೆಡ್ಡೆಯ ತುಣುಕು ಇಟ್ಟಿರುವ ಮೇಣದ ಬ್ಲಾಕ್ ಮತ್ತು ಸ್ಲೈಡ್ ಕೇಳಿ ತೆಗೆದುಕೊಂಡು ಹೋಗಿ. ಹರ್-2 ಮಾಡುವುದು ಆ ಬ್ಲಾಕಿನಿಂದಲೇ.