1433ರ ಸಾಮಾನು ಪಟ್ಟಿ ಹಿಡಿದು ಬಂಡಿ ಕಟ್ಟುವಾಗ

ಮಾರ್ಚ್ 9, 2025, ಭಾನುವಾರ

ಇಂದು ಮೇಜಿನ ಮೇಲಿರುವುದು ಇಂಗ್ಲೆಂಡಿನ ಯಾರ್ಕ್ ನಗರದ ಮರ್ಸರ್ಸ್ ಸಂಘ, ಅಂದರೆ ಜವಳಿ ವರ್ತಕರ ಸಂಘ, 1433ರಲ್ಲಿ ಬರೆಸಿದ ಒಪ್ಪಂದ ಪತ್ರ. ಲೋಕದ ಕೊನೆಯಲ್ಲಿ ದೇವರು ಕೊಡುವ ‘ಕಡೆಯ ತೀರ್ಪು’ ಕುರಿತ ನಾಟಕವನ್ನು ಸಂಘ ಹಬ್ಬದ ದಿನ ಬಂಡಿಯ ಮೇಲೆ, ಬೀದಿಗಳಲ್ಲಿ ಅಲ್ಲಲ್ಲಿ ನಿಲ್ಲಿಸಿ ಆಡಿಸುತ್ತಿತ್ತು. ಆ ಬಂಡಿ ಮತ್ತು ಸಾಮಾನನ್ನು ಉಸ್ತುವಾರಿಗಳ ವಶಕ್ಕೆ ಕೊಟ್ಟಾಗ ಆದ ಪಟ್ಟಿ. 1971ರಲ್ಲಿ ಇದು ಸಿಗುವ ತನಕ ಆ ಬಂಡಿಯ ಬಗ್ಗೆ ಬರೆದದ್ದರಲ್ಲಿ ಊಹೆಯೇ ಹೆಚ್ಚು.

ನಾಲ್ಕು ಚಕ್ರ ಎಂದಿದೆ. ಉದ್ದ, ಅಗಲ, ಎತ್ತರ ಇಲ್ಲ. ನರಕದ ಬಾಯಿ, ಅಂದರೆ ನರಕದ ದ್ವಾರವಾಗಿ ಮಾಡಿದ ತೆರೆದ ಬಾಯಿಯ ಆಕಾರ, ಇದೆ. ಅದು ಬಂಡಿಯ ಮೇಲೋ ನೆಲದ ಮೇಲೋ ಎಂದಿಲ್ಲ. ನೆಲದ ಮೇಲಿಟ್ಟರೆ ಬಂಡಿ ಹಗುರ, ಆದರೆ ನಿಂತ ಕಡೆಯಲ್ಲೆಲ್ಲ ಇಳಿಸಿ ಜೋಡಿಸಬೇಕು. ಬಂಡಿಯನ್ನು ಮತ್ತೆ ಕಟ್ಟಲು ಬರೆಯುವ ನಕ್ಷೆಯಲ್ಲಿ ಪಟ್ಟಿಯದ್ದನ್ನು ಕಪ್ಪು ಶಾಯಿಯಲ್ಲೂ ನಮ್ಮ ಊಹೆಯನ್ನು ಕೆಂಪಿನಲ್ಲೂ ಬರೆಯುವುದು ಒಳ್ಳೆಯದು. ಕೆಂಪೇ ಜಾಸ್ತಿ ಕಾಣುತ್ತದೆ, ಕಾಣಲಿ.

ಮೂವರು ದೆವ್ವಗಳಿಗೆ ಮೂರು ಮುಖವಾಡ, ಅವುಗಳಲ್ಲಿ ಆರು ಮುಖ. ಅಂದರೆ ಒಂದೊಂದಕ್ಕೆ ಎರಡು ಮುಖ. ಬಾಯಿಯ ತೂತು ಚಿಕ್ಕದಾದರೆ ಮಾತು ಒಳಗೇ ಉಳಿಯುತ್ತದೆ. ಬಯಲಲ್ಲಿ ಇದು ದೊಡ್ಡ ತೊಂದರೆ. ಅಪೊಸ್ತಲರಿಗೆ, ಅಂದರೆ ಯೇಸುವಿನ ಮುಖ್ಯ ಶಿಷ್ಯರಿಗೆ, ನಾಲ್ಕು ಬಿಳಿ ನಿಲುವಂಗಿ. ಕಿರೀಟ ಮಾತ್ರ ಏಳು: ಮೂರಕ್ಕೆ ಮುಖವಾಡ, ನಾಲ್ಕಕ್ಕೆ ಹಳದಿ ಕೂದಲು. ಲೆಕ್ಕ ಹೊಂದುವುದಿಲ್ಲ. ಬೈಬಲ್ಲಿನಲ್ಲಿ ಹನ್ನೆರಡು ಮಂದಿ ಎಂದು ಐದು ಕಿರೀಟ ಹೆಚ್ಚಿಗೆ ಮಾಡಿಸಬಾರದು.

ನಿಜವಾದ ತಲೆನೋವು ಮೇಲಿನ ಸ್ವರ್ಗ. ಕಬ್ಬಿಣದ ಚೌಕಟ್ಟಿಗೆ ಮರದ ಗುಂಬ, ಅಂದರೆ ಚಕ್ರದ ನಡುವಿನ ಗುಂಡಿಯಂಥದ್ದು. ಅದನ್ನು ಎತ್ತಿ ಹಿಡಿಯಲು ನಾಲ್ಕು ಕಬ್ಬಿಣದ ಕಂಬಿ. ದೇವರು ಕೂತು ಮೇಲೇರಲು ಕಬ್ಬಿಣದ ಪೀಠ, ನಾಲ್ಕು ಮೂಲೆಗೆ ನಾಲ್ಕು ಹಗ್ಗ. ಒಂದು ಹಗ್ಗ ಎರಡು ಬೆರಳಷ್ಟು ಗಿಡ್ಡವಾದರೂ ಪೀಠ ವಾಲುತ್ತದೆ. ಮುಖಕ್ಕೆ ಚಿನ್ನದ ಬಣ್ಣದ ಮುಖವಾಡ, ಕೂತವನಿಗೆ ಕೆಳಗೆ ಕಾಣುವುದಿಲ್ಲ. ನಾಲ್ಕನ್ನೂ ಒಂದೇ ಉರುಳೆಗೆ ಸುತ್ತಿ, ಮೊದಲು ಮರಳುಚೀಲ ಕೂರಿಸಿ ಏರಿಸಿ ನೋಡಿದ ಮೇಲೆಯೇ ಮನುಷ್ಯ. ಕೆಂಪು ಬಣ್ಣದ ಒಂಬತ್ತು ಪುಟ್ಟ ದೇವದೂತರನ್ನು ಓಡಾಡಿಸಲು ಒಂದು ಉದ್ದನೆಯ ತೆಳು ಹಗ್ಗ ಬೇರೆ. ಸೆಣಬಿನ ಜಾತಿಯ ನಾರಿನ ಹಗ್ಗ ಮಳೆಗೆ ನೆನೆದರೆ ಬಿಗಿದುಕೊಂಡು ಉದ್ದ ಕಡಿಮೆಯಾಗುತ್ತದೆ. ನಾಟಕ ಆಡುತ್ತಿದ್ದ ಕಾರ್ಪಸ್ ಕ್ರಿಸ್ಟಿ ಎಂಬ ಕ್ರೈಸ್ತ ಹಬ್ಬ ಬರುವುದು ಮೇ 21 ಮತ್ತು ಜೂನ್ 24ರ ನಡುವೆ. ಅಲ್ಲಿ ಆಗ ಮಳೆ ಅಪರೂಪವಲ್ಲ.

ಬಂಡಿ ಸಾಗುತ್ತಿದ್ದ ಯಾರ್ಕಿನ ಮಿಕಲ್‌ಗೇಟ್ ಬೀದಿ ನದಿಯ ಕಡೆಗೆ ಇಳಿಜಾರು. ಪಟ್ಟಿಯಲ್ಲಿ ತಡೆಗಟ್ಟೆ ಇಲ್ಲ. ನಮ್ಮ ತೇರಿಗೆ ಸನ್ನೆ ಕೊಡುವ ಹಾಗೆ ಚಕ್ರಕ್ಕೆ ಮರದ ಬೆಣೆ ಕೊಡದೆ ಇಳಿಸುವುದು ಅಪಾಯ. ಪಟ್ಟಿಯಲ್ಲಿಲ್ಲದ್ದು ಬಳಕೆಯಲ್ಲೂ ಇರಲಿಲ್ಲ ಎನ್ನುವಂತಿಲ್ಲ. ವಶಕ್ಕೆ ಕೊಡುವ ಪಟ್ಟಿಯಲ್ಲಿ ಉಳಿಯುವ ಸಾಮಾನು ಬರುತ್ತದೆ. ಸುಟ್ಟು ಸವೆಯುವುದು ಖರ್ಚಿನ ಲೆಕ್ಕದಲ್ಲಿ. ಇಂಥದೇ ನಾಟಕ ಆಡಿಸುತ್ತಿದ್ದ ಇಂಗ್ಲೆಂಡಿನ ಇನ್ನೊಂದು ನಗರ ಕೊವೆಂಟ್ರಿಯ ಡ್ರೇಪರ್ಸ್ (ಬಟ್ಟೆ ವ್ಯಾಪಾರಿಗಳ) ಸಂಘದ ಲೆಕ್ಕದಲ್ಲಿ ನರಕದ ಬಾಯಿಯ ಬೆಂಕಿ ನೋಡಿಕೊಂಡವನಿಗೆ 4 ಪೆನ್ನಿ ಕೂಲಿ ಇದೆ, ಬೆಂಕಿ ಹಚ್ಚಲು ಮಾಡಿಸಿದ ಮೂರು ‘ಲೋಕ’ಗಳ, ಅಂದರೆ ಭೂಮಿಯ ಪ್ರತಿರೂಪಗಳ, ಖರ್ಚೂ ಇದೆ. ಬಹುಶಃ ಪ್ರದರ್ಶನಕ್ಕೊಂದರಂತೆ.

ಆದರೆ ಕೊವೆಂಟ್ರಿಯ ವಿಷಯದಲ್ಲಿ ಎಚ್ಚರ ಬೇಕು. 1879ರಲ್ಲಿ ಬರ್ಮಿಂಗ್‌ಹ್ಯಾಮ್ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಕೊವೆಂಟ್ರಿಯ ಎಷ್ಟೋ ಮೂಲ ದಾಖಲೆಗಳು ಹೋದವು. ಹಲವು ಕಡೆ ಹಳೆಯ ದಾಖಲೆಗಳ ಸಂಶೋಧಕ ಥಾಮಸ್ ಶಾರ್ಪ್ 1825ರಲ್ಲಿ ಅಚ್ಚು ಮಾಡಿಸಿದ ಪ್ರತಿಯೇ ಗತಿ. ಆತ ತಪ್ಪು ಓದಿದ ಅಂಕಿ ಇದ್ದರೆ ತಿದ್ದಲು ದಾರಿಯಿಲ್ಲ. ಅಲ್ಲಿಂದ ತೆಗೆದುಕೊಂಡದ್ದೆಲ್ಲ ನಕ್ಷೆಯಲ್ಲಿ ಕೆಂಪು ಶಾಯಿಗೇ ಹೋಗಬೇಕು.